ಎದುರು ಕುರ್ಚಿಯ ಮಾತು

“ಯುರೋಪಿನವರು ಜಗಳ ಹತ್ತಿದ ದೇಶಕ್ಕ ಪೊಲೀಸ್ರನ್ನ ಕಳಿಸಬೇಕೋ, ಮಿಲಿಟರಿ ಕಳಿಸಬೇಕೋ, ಇದು ಈ ತಿಂಗಳ ವಿಷಯ. ಯಾರಿಗೆ ತಕರಾರು ಐತಿ, ಈಗ ಹೇಳ್ರಿ. ಊಟ ಆದಮ್ಯಾಲ ಹೇಳಿದ್ರ ನಾ ಕೇಳಂಗಿಲ್ಲ,” ಎಂದ ನಿಜಗುಣ, ಮಜ್ಜಿಗೆಯ ಲೋಟವನ್ನು ಮೇಲಕ್ಕೆತ್ತಿ ಹಿಡಿದು.

“ಯುರೋಪ್ ತಗೊಂಡು ನಮಗೇನು ಮಾಡೂದೈತೋ? ಹೋದ ತಿಂಗಳ ವಿಷಯ ಚಲೋ ಇತ್ತು. ಮೆಂತೆ ಪಲ್ಯಕ್ಕ ಬೆಲ್ಲ ಹಾಕಬೇಕೋ ಬ್ಯಾಡೋ ಅಂತ,” ಎಂದರು ರುದ್ರಪ್ಪ ಕಾಕಾ.

“ಅದರಾಗ ನೀವು ಸೋತ್ರಿ, ಕಾಕಾ,” ನಿಜಗುಣನ ಹೆಂಡತಿ ಸೌಮ್ಯಾ ನೆನಪು ಮಾಡಿಕೊಟ್ಟಳು.

“ಸೋತಿಲ್ಲವಾ. ವಿಮಾನ ಬಂತು, ನನ್ನ ಟೈಮ್ ತಿಂದು ಹೋತು.”

ಎಲ್ಲರೂ ನಕ್ಕರು, ಇಬ್ಬರನ್ನು ಬಿಟ್ಟು. ಆ ಇಬ್ಬರು ಯಾರೆಂದು ತಿಳಿಯಲು ಪಾರ್ವತೆವ್ವ ಹೊರಳಿ ನೋಡಬೇಕಾಗಿರಲಿಲ್ಲ. ಒಬ್ಬ ಅವಳ ಗಂಡ ದಾನಪ್ಪ, ಇನ್ನೊಬ್ಬಳು ಮಗಳು ಅಕ್ಷರಾ. ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಮಗುಚಿ ಹಾಕಿ, ಮುಂದಿನ ರೊಟ್ಟಿಯನ್ನು ತುಸು ಜೋರಾಗಿಯೇ ಬಡಿಯತೊಡಗಿದಳು.

ಕೆನಡಾದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿನ ಮಾಲ್ಟನ್ನಿನಲ್ಲಿ, ಪಾರ್ವತೆವ್ವಳ ಮನೆಗೆ ಬೇಸಿಗೆ ಬಂತೆಂದರೆ ಬದುಕೆಲ್ಲ ಗ್ಯಾರೇಜಿಗೆ ಇಳಿಯುತ್ತದೆ. ಒಳಗೆ ರೊಟ್ಟಿ ಸುಟ್ಟರೆ ಹೊಗೆಯ ಅಲಾರ್ಮು ಕೂಗಿ ಓಣಿಯನ್ನೆಲ್ಲ ಎಬ್ಬಿಸುತ್ತದೆ ಎಂದು ಗ್ಯಾಸಿನ ಒಲೆ ಗ್ಯಾರೇಜಿನ ಬಾಗಿಲಿಗೆ ಬಂದಿದೆ. ಕಾರು ರಸ್ತೆಗೆ ಹೋಗಿದೆ. ಕಾರು ನಿಲ್ಲುವ ಜಾಗದಲ್ಲಿ ಜಮಖಾನೆ, ಮಡಚುವ ಕುರ್ಚಿಗಳು. ಗೋಡೆಯ ಮೇಲ್ಗಡೆ ಹಲಗೆಯ ಮೇಲೆ ಊರಿಗೆ ಹೋಗಿ ಬಂದ ಸೂಟ್‌ಕೇಸುಗಳು. ವಿಮಾನಗಳು ಚಾವಣಿಯನ್ನು ಸವರಿಕೊಂಡಂತೆ ಇಳಿಯುವಾಗ ಮಾತಾಡುತ್ತಿದ್ದವರು ಎಲ್ಲಿದ್ದರೋ ಅಲ್ಲೇ ನಿಲ್ಲಿಸುತ್ತಾರೆ. ಸದ್ದು ದಾಟಿದ ಮೇಲೆ ಅದೇ ಶಬ್ದದಿಂದ ಮತ್ತೆ ಹಿಡಿಯುತ್ತಾರೆ. ಹೊಸದಾಗಿ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಹಳಬರಿಗೆ ಅದು ಉಗುಳು ನುಂಗಿದಷ್ಟೇ ಸಹಜ.

ಹುಬ್ಬಳ್ಳಿ, ಬೆಳಗಾವಿ ಕಡೆಯ ನಾಲ್ಕಾರು ಮನೆಯವರು ತಿಂಗಳಿಗೊಂದು ರವಿವಾರ ಹೀಗೆ ಸೇರುತ್ತಾರೆ. ಮೊದಲು ವಾದ, ಆಮೇಲೆ ಊಟ. ಆ ವಾದಕ್ಕೊಂದು ಕಟ್ಟಳೆಯಿದೆ. ಹಿಂದೊಮ್ಮೆ ಯಾವುದೋ ಚುನಾವಣೆಯ ಮಾತಿಗೆ ಎರಡು ಮನೆಗಳು ಮಾತು ಬಿಟ್ಟಿದ್ದವು. ಒಂದು ಮನೆಯವರ ಮದುವೆಗೆ ಇನ್ನೊಂದು ಮನೆಯವರು ಹೋಗಲಿಲ್ಲ. ಆಗ ನಿಜಗುಣ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು ಹೇಳಿದ್ದ: ಯಾರೂ ಮೊದಲು ತಮ್ಮ ವಾದ ಹೇಳುವಂತಿಲ್ಲ. ಎದುರು ಕುರ್ಚಿಯವರ ವಾದವನ್ನು ಹೇಳಬೇಕು, ಅದೂ ಅವರೇ ‘ಹೌದು, ಇದು ನನ್ನ ಮಾತು’ ಎನ್ನುವ ತನಕ. ‘ಅಲ್ಲ’ ಎಂದರೆ ಮತ್ತೆ ಮೊದಲಿನಿಂದ. ಇಬ್ಬರದೂ ಹಾಗೆ ಆದ ಮೇಲೆಯೇ ಅವರವರ ಸ್ವಂತ ಮಾತು. ಕುರ್ಚಿಯಲ್ಲಿ ಕುಳಿತವರ ನಡುವೆ ಅಣ್ಣ-ತಮ್ಮ, ಗಂಡ-ಹೆಂಡತಿ ಎಂಬುದಿಲ್ಲ. ಸುತ್ತ ಕುಳಿತವರು ಬಾಯಿ ಹಾಕುವಂತಿಲ್ಲ.

ಈ ತಿಂಗಳ ವಿಷಯವನ್ನು ನಿಜಗುಣನ ಕಿವಿಗೆ ಹಾಕಿದವಳು ಪಾರ್ವತೆವ್ವ.

“ವೈನಿ, ಜೇನುಗೂಡಿಗೆ ಕೈ ಹಾಕಾಕತ್ತೀರಿ,” ಎಂದಿದ್ದ ಅವನು ಫೋನಿನಲ್ಲಿ.

“ಹಾಕತೇನಿ. ಮನಿಯಾಗ ಆ ಗುಂಯ್ ಅನ್ನೂದರೆ ಕೇಳಲಿ. ಸುಮ್ಮನಿರೂದು ಕೇಳಿ ಕೇಳಿ ನನ್ನ ಕಿವಿ ಹೋಗ್ಯಾವು.”

ಸುಮ್ಮನಿರುವುದು ಶುರುವಾದದ್ದು ವಸಂತದಲ್ಲಿ. ಅಕ್ಷರಾ ಪಕ್ಕದ ಊರಿನಲ್ಲಿ ಪೊಲೀಸ್ ಅಧಿಕಾರಿ. ಸುಟ್ಟ ಮನೆ, ಸತ್ತ ಮನುಷ್ಯ, ಸಿಗದ ಸಾಕ್ಷಿ ಇವೇ ಅವಳ ದಿನದ ಕೆಲಸ. ಯುರೋಪಿಯನ್ ಒಕ್ಕೂಟ ಯುಕ್ರೇನಿನಲ್ಲಿ ನಡೆಸುವ ನಾಗರಿಕ ತಂಡಕ್ಕೆ ಕೆನಡಾದಿಂದಲೂ ಪೊಲೀಸರು ಹೋಗುತ್ತಾರೆ. ಅಲ್ಲಿಯ ಪೊಲೀಸರಿಗೆ ಸಲಹೆ ಕೊಡುವುದು, ಯುದ್ಧದಲ್ಲಿ ನಡೆದ ಅಪರಾಧಗಳ ತನಿಖೆ ಹೇಗೆಂದು ಜೊತೆಗೆ ನಿಂತು ತೋರಿಸುವುದು, ಇಷ್ಟೇ ಕೆಲಸ. ಕೈಯಲ್ಲಿ ಬಂದೂಕು ಇರುವುದಿಲ್ಲ. ಅಕ್ಷರಾ ಅರ್ಜಿ ಹಾಕಿದಳು, ಆಯ್ಕೆಯೂ ಆದಳು. ಬರುತ್ತೇನೋ ಇಲ್ಲವೋ ಎಂದು ನಾಳೆ ಬೆಳಿಗ್ಗೆಯೊಳಗೆ ತಿಳಿಸಬೇಕು.

ದಾನಪ್ಪ ಬೆಳಗಾವಿಯ ರೆಜಿಮೆಂಟಿನಲ್ಲಿ ಹವಾಲ್ದಾರನಾಗಿದ್ದವನು. ಈಗ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಕೆಲಸ. ಮಗಳು ಸುದ್ದಿ ಹೇಳಿದ ದಿನ ಅವನು “ಬಂದೂಕಿಲ್ದ?” ಎಂದು ಒಂದೇ ಮಾತು ಕೇಳಿದ್ದ. “ಇಲ್ದ, ಅಪ್ಪಾ,” ಎಂದಿದ್ದಳು ಅವಳು. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವಳು ಮನೆಗೆ ಬಂದರೆ ಅವನಿಗೆ ಹಿತ್ತಲ ಹುಲ್ಲು ಕತ್ತರಿಸುವ ಕೆಲಸ ನೆನಪಾಗುತ್ತಿತ್ತು. ಅಷ್ಟು ಸಣ್ಣ ಹಿತ್ತಲಲ್ಲಿ ಅಷ್ಟೊಂದು ಹುಲ್ಲು ಇರಲಿಲ್ಲ.

“ಅವ್ವ, ಹೋಗಬ್ಯಾಡ ಅಂತ ಅಪ್ಪ ಹೇಳಿದ್ರ ನಾ ಹೋಗಂಗಿಲ್ಲ. ಐ ಮೀನ್ ಇಟ್. ಆದ್ರ ಅವರು ಏನರೆ ಒಂದು ಹೇಳಬೇಕಲ್ಲ? ಹೇಳದ ಮಾತಿಗೆ ನಾ ಹೆಂಗ ಉತ್ತರಾ ಕೊಡಲಿ?” ಎಂದು ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೇಳಿದ್ದಳು. ಸುಟ್ಟ ಮನೆಗಳಿಗೆ ಅಂಜದವಳು, ಅಪ್ಪ ಹುಲ್ಲು ಕತ್ತರಿಸುವ ಸದ್ದಿಗೆ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಯಾರು ಕುಂದರತೀರಿ?” ನಿಜಗುಣ ಈಗ ಕೇಳಿದ. ಅವನ ದನಿ ತಮಾಷೆಯಿಂದ ತುಸು ಕೆಳಗಿಳಿದಿತ್ತು.

ಅಕ್ಷರಾ ಎದ್ದು ಬಂದು ಒಂದು ಕುರ್ಚಿಯಲ್ಲಿ ಕುಳಿತಳು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ.

ಎದುರಿನ ಕುರ್ಚಿ ಖಾಲಿ ಇತ್ತು. ದಾನಪ್ಪ ಎದ್ದು ಹಿತ್ತಲ ಕಡೆ ನಡೆದೇಬಿಡುತ್ತಾನೆ ಎಂದುಕೊಂಡಳು ಪಾರ್ವತೆವ್ವ. ಅವನು ಎದ್ದ. ಹೆಂಡತಿಯ ಕಡೆ ಒಮ್ಮೆ ನೋಡಿದ, ಎಲ್ಲ ಗೊತ್ತಾದವನಂತೆ. ಆಮೇಲೆ ಬಂದು ಕುಳಿತ.

“ದಾನಪ್ಪಣ್ಣ ಮಿಲಿಟರಿ ಕಡೆ, ಅಕ್ಷರಾ ಪೊಲೀಸ್ ಕಡೆ. ಹಿರೇರು ಮೊದಲು. ಎದುರಿನವರ ಮಾತು ಹೇಳ್ರಿ,” ಎಂದ ನಿಜಗುಣ.

ದಾನಪ್ಪ ಗಂಟಲು ಸರಿಮಾಡಿಕೊಂಡ. “ಎದುರು ಕುರ್ಚಿಯವರ ವಾದ ಹಿಂಗೈತಿ. ಯುರೋಪಿನವರು ಎರಡು ದೊಡ್ಡ ಯುದ್ಧ ಮಾಡಿ ಸುಸ್ತಾಗ್ಯಾರ. ಹಿಂಗಾಗಿ ಅವರಿಗೆ ಬಂದೂಕು ಅಂದ್ರ ಅಸಹ್ಯ. ಪೊಲೀಸ್ರು, ಜಡ್ಜ್‌ಗಳು, ವಕೀಲರು, ಇಂಥವರನ್ನ ಕಳಿಸಿದ್ರ ಜಗತ್ತು ಸುಧಾರಿಸತೈತಿ. ಒಂದು ಟ್ರೇನಿಂಗ್ ಕೊಟ್ರ ಆತು, ಒಂದು ಚಹಾ ಕುಡಿಸಿದ್ರ ಆತು, ಕಳ್ಳರು ಸರಿ ಹೋಗತಾರ...”

“ಅಲ್ಲ,” ಎಂದಳು ಅಕ್ಷರಾ. “ಅದು ಅಣಕಿಸೂದು. ನನ್ನ ಮಾತಲ್ಲ.”

“ಅಲ್ಲ ಅಂದ್ರು. ಮತ್ತ ಹೇಳ್ರಿ,” ಎಂದ ನಿಜಗುಣ.

ಇಷ್ಟರಲ್ಲಿ ದೀಪ ಆರಿತು. ಗ್ಯಾರೇಜಿನ ಆ ದೀಪದ ಗುಣವೇ ಹಾಗೆ. ಕೆಲ ಹೊತ್ತು ಯಾರೂ ಅಲುಗದಿದ್ದರೆ ಇಲ್ಲಿ ಯಾರೂ ಇಲ್ಲವೆಂದು ತಿಳಿದು ತಾನೇ ಆರಿಬಿಡುತ್ತದೆ. ನಿಜಗುಣ ಎಂದಿನಂತೆ ತಲೆಯ ಮೇಲೆ ಕೈ ಬೀಸಿದ. ಬೆಳಕು ಬಂದಾಗ ದಾನಪ್ಪನ ಮುಖದಲ್ಲಿದ್ದ ಕೊಂಕು ಹೋಗಿತ್ತು. ಅವನು ಮಗಳನ್ನು ನೋಡುತ್ತಿರಲಿಲ್ಲ. ಕುರ್ಚಿಗಳ ನಡುವಿನ ಸಿಮೆಂಟನ್ನು ನೋಡುತ್ತಿದ್ದ.

“ನಾವು ಆಫ್ರಿಕಾದಾಗ ಇದ್ವಿ, ವಿಶ್ವಸಂಸ್ಥೆಯ ನೀಲಿ ಟೊಪ್ಪಿಗಿ ಹಾಕ್ಕೊಂಡು,” ಎಂದ ನಿಧಾನವಾಗಿ. “ನಮ್ಮ ಕ್ಯಾಂಪಿನ ಬಾಜೂಕ ಒಬ್ಬ ಇದ್ದ. ಯುರೋಪಿನ ಪೊಲೀಸ. ಹೆಸರು ನಮ್ಮ ಬಾಯಿಗೆ ಹೊಂದತಿರಲಿಲ್ಲ. ಕೆಂಪ ಮೀಸಿ ಇತ್ತು, ಹಿಂಗಾಗಿ ನಮ್ಮ ಹುಡುಗರು ಕೆಂಪ್ಮೀಸಿ ಮಾಮಾ ಅಂತಿದ್ರು. ಅವನ ಹಂತ್ಯಾಕ ಪಿಸ್ತೂಲೂ ಇರಲಿಲ್ಲ. ಹಾದಿಗೆ ಅಡ್ಡ ಒಂದು ದಿಮ್ಮಿ ಇಟ್ಟು, ಅಲ್ಲಿಯ ಊರ ಹುಡುಗರು ಬಂದೂಕು ಹಿಡಕೊಂಡು ನಿಂದರತಿದ್ರು. ಅಕ್ಕಿ ಲಾರಿ ಆಚಿ ಹೋಗಬೇಕು, ಅವರು ಬಿಡಂಗಿಲ್ಲ. ನಾವು ರೈಫಲ್ ಎತ್ತಿದ್ರ ಅವರೂ ಎತ್ತತಿದ್ರು. ಇಂವ ಇಳಿದು, ಎರಡೂ ಕೈ ಕಾಣೂಹಂಗ ಹಿಡಕೊಂಡು ಹೋಗಿ, ಆ ದಿಮ್ಮಿ ಮ್ಯಾಲ ಕುಂದರತಿದ್ದ. ನಿಮ್ಮವ್ವಗ ಜ್ವರ ಬಿಟ್ಟಾವೋ ಇಲ್ಲೋ, ಅಂತ ಕೇಳತಿದ್ದ. ಬೀಡಿ ಕೊಡತಿದ್ದ. ಬಿಸಲು ಏರತಿತ್ತು, ನಾವು ಲಾರಿಯಾಗ ಬೇಯತಿದ್ವಿ. ಆಮ್ಯಾಲ ಆ ಹುಡುಗರ ಎದ್ದು ದಿಮ್ಮಿ ಸರಸತಿದ್ರು.”

ಯಾರೂ ಮಜ್ಜಿಗೆ ಕುಡಿಯುತ್ತಿರಲಿಲ್ಲ.

“ಬಂದೂಕಿಗೆ ಹಾದಿ ಬಿಟ್ರ ಅವರು ಸೋತಂಗ. ಮಾತಿಗೆ ಬಿಟ್ರ ಅವರದು ದೊಡ್ಡಸ್ತಿಕಿ. ಅವರ ಮರ್ಯಾದಿ ಅವರಿಗೆ ಉಳೀತಿತ್ತು. ನಮ್ಮ ಕಡೆ ಒಂದು ಪ್ಲಟೂನ್ ರೈಫಲ್ ಇದ್ವು, ಆದ್ರ ಆ ದಿಮ್ಮಿ ಸರಿಸಿದ್ದು ರೈಫಲ್ ಅಲ್ಲ. ಸೈನ್ಯ ಹೋಗಿ ಹಾದಿ ತೆಗದ್ರ, ಸೈನ್ಯ ಹೊಳ್ಳಿ ಹೋದ ದಿವಸ ಹಾದಿ ಮುಚ್ಚತೈತಿ. ಅಲ್ಲಿಯವರ ಎದ್ದು ತೆಗದ್ರ ಅದು ಅವರ ಹಾದಿ. ಎದುರು ಕುರ್ಚಿಯವರ ವಾದ ಇದು.”

ಅಕ್ಷರಾಳ ಬಾಯಿ ತುಸು ತೆರೆದಿತ್ತು. ಈ ಕೆಂಪು ಮೀಸೆಯವನ ಸುದ್ದಿ ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಹೌದು,” ಎಂದಳು. “ಇದು ನನ್ನ ಮಾತು. ನನಗ ಇಷ್ಟು ಚಲೋ ಹೇಳಾಕ ಬರತಿರಲಿಲ್ಲ.”

“ಭೇಷ್!” ಎಂದು ರುದ್ರಪ್ಪ ಕಾಕಾ ಉದ್ಗರಿಸಿದರು. ನಿಜಗುಣ ಅವರನ್ನು ಕಣ್ಣಲ್ಲೇ ಗದರಿದ.

ಪಾರ್ವತೆವ್ವಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವಳಿಗೆ ಆ ಕಥೆಯ ಉಳಿದ ಅರ್ಧ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ, ರಜೆಗೆ ಬಂದಾಗ, ದಾನಪ್ಪ ಅದನ್ನು ಒಂದೇ ಸಲ ಹೇಳಿದ್ದ. ಮತ್ತೆಂದೂ ಎತ್ತಿರಲಿಲ್ಲ. ಮಾತಾಡಿಸಬೇಕೆಂದು ತಾನು ಹೂಡಿದ ಆಟ ಇವನನ್ನು ಎಲ್ಲಿಗೆ ಒಯ್ದು ನಿಲ್ಲಿಸಿತು ಎಂದುಕೊಳ್ಳುತ್ತ ಅವಳು ಹಿಟ್ಟಿನ ಉಂಡೆಯನ್ನು ಬಡಿಯದೆ ಕೈಯಲ್ಲೇ ಹಿಡಿದುಕೊಂಡಳು.

“ಈಗ ಅಕ್ಷರಾ. ನೀ ದಾನಪ್ಪಣ್ಣನ ಮಾತು ಹೇಳು.”

ಅಕ್ಷರಾ ಕೂದಲು ಹಿಂದೆ ಸರಿಸಿಕೊಂಡಳು. ಅವಳಿಗೆ ಇದರ ಓದು ಚೆನ್ನಾಗಿತ್ತು. “ಎದುರು ಕುರ್ಚಿಯವರ ವಾದ. ಜಾರ್ಜಿಯಾದಾಗ ಯುರೋಪಿನ ಮಂದಿ ಬಂದೂಕಿಲ್ಲದ, ದುರ್ಬೀನು ಹಿಡಕೊಂಡು ವರ್ಷಾನುಗಟ್ಟಲೆ ಗಸ್ತು ತಿರಗಾಕತ್ತಾರ. ಗಡಿ ಬೇಲಿ ಆಚೆ ಅವರನ್ನ ಬಿಡಂಗಿಲ್ಲ. ಆಚೆ ಏನಾದ್ರೂ ಆದ್ರ ಅವರು ಬರಕೋಬಹುದು, ಅಷ್ಟ. ನಿಲ್ಲಿಸಾಕ ಆಗಂಗಿಲ್ಲ. ಬರಕೊಂಡಿದ್ದಕ್ಕ ಬೆಲಿ ಬರಬೇಕಂದ್ರ ಹಿಂದ ಒಂದು ಸೈನ್ಯ ಬೇಕು. ಸೋ ಫಸ್ಟ್ ಮಿಲಿಟರಿ, ಆಮ್ಯಾಲ ಪೊಲೀಸ್.”

“ಅಲ್ಲ,” ಎಂದ ದಾನಪ್ಪ. “ಅದು ಓದಿದ್ದು.”

“ಓಕೆ.” ಅವಳು ತುಟಿ ಕಚ್ಚಿಕೊಂಡಳು. “ಯುರೋಪಿನವರು ಇಷ್ಟು ದಿನಾ ಅಮೆರಿಕಾದ ಛತ್ರಿ ಕೆಳಗ ನಿಂತು ಶಾಂತಿ, ಕಾನೂನು ಅಂತ ಮಾತಾಡಿದ್ರು. ಈಗ ಮಳಿ ಜೋರಾಗೈತಿ, ಛತ್ರಿ ತಮ್ಮ ಕೈಯಾಗಿಲ್ಲ ಅಂತ ಗೊತ್ತಾಗೈತಿ. ಮ್ಯಾಲಿಂದ ಕ್ಷಿಪಣಿ ಬರೂ ಊರಾಗ ಪೊಲೀಸ್ ಟ್ರೇನಿಂಗ್ ಕೊಡೂದು ಅಂದ್ರ, ಬಾಗಲಾ ಇಲ್ಲದ ಮನಿಗೆ ಚಿಲಕಾ ಹಾಕಿದಂಗ. ಕ್ಷಿಪಣಿ ಗುರುತಿನ ಕಾರ್ಡು ಕೇಳಿ ಬೀಳಂಗಿಲ್ಲ. ನೀನು ನಾಗರಿಕಳು, ನೀನು ಆಚಿಗೆ ಹೋಗು ಅನ್ನಂಗಿಲ್ಲ.”

“ಹತ್ರ ಬಂದ್ರಿ,” ಎಂದ ದಾನಪ್ಪ. “ಆದ್ರ ಅಲ್ಲ.”

“ಬಾಸ್ನಿಯಾದಾಗ—”

“ಬಾಸ್ನಿಯಾ ಬ್ಯಾಡ.”

“ಕಟ್ಟಳೆ, ಕಟ್ಟಳೆ,” ನಿಜಗುಣ ಮೆಲ್ಲಗೆ ಎಚ್ಚರಿಸಿದ. “ಪೂರ್ತಿ ಹೇಳಾಕ ಬಿಡ್ರಿ.”

ಆದರೆ ಅಕ್ಷರಾ ಮುಂದುವರಿಸಲಿಲ್ಲ. ಅವಳು ಅವ್ವನ ಕಡೆ ನೋಡಿದಳು. ಪಾರ್ವತೆವ್ವ ಬಾಯಿ ಹಾಕುವಂತಿರಲಿಲ್ಲ. ಅವಳ ಕೈಯಲ್ಲಿನ ಹಿಟ್ಟು ಹಾಗೇ ಇತ್ತು, ಹಂಚಿನ ಮೇಲೆ ಒಂದು ರೊಟ್ಟಿ ಕಪ್ಪಗಾಗುತ್ತಿತ್ತು. ಮಗಳು ಆ ರೊಟ್ಟಿಯನ್ನೂ ನೋಡಿದಳು, ತಾಯಿಯ ಮುಖವನ್ನೂ ನೋಡಿದಳು. ಸುಟ್ಟ ಮನೆಯೊಳಗೆ ಕಾಲಿಟ್ಟು, ಏನು ಮೊದಲು ಹೊತ್ತಿಕೊಂಡಿತೆಂದು ಹುಡುಕುವ ಕಣ್ಣುಗಳು ಅವು. ಆಮೇಲೆ ಅಪ್ಪನ ಕಡೆ ತಿರುಗಿದಳು.

“ಆ ಕೆಂಪ್ಮೀಸಿ ಮಾಮಾ,” ಎಂದಳು, “ಒಂದು ದಿವಸ ಹೊಳ್ಳಿ ಬರಲಿಲ್ಲ.”

ದಾನಪ್ಪ ತಲೆ ಎತ್ತಿದ.

“ಎದುರು ಕುರ್ಚಿಯವರ ವಾದ ಹಿಂಗೈತಿ,” ಅಕ್ಷರಾಳ ದನಿ ಸಣ್ಣಗಾಗಿತ್ತು. “ಮಿಲಿಟರಿ ದೊಡ್ಡದು, ಪೊಲೀಸ್ ಸಣ್ಣದು, ಅದಲ್ಲ. ಬಂದೂಕಿಲ್ಲದವರು ಹೋಗಬೇಕು. ಅವರು ಹೋಗಲಿಲ್ಲಂದ್ರ ದಿಮ್ಮಿ ಸರಿಯಂಗಿಲ್ಲ. ನಾನು ನೋಡೇನಿ, ನನಗ ಗೊತ್ತೈತಿ. ಜಗತ್ತಿಗೆ ಅಂಥವರು ಬೇಕು. ಆದ್ರ ಅವರು ಬ್ಯಾರೆ ಯಾರದರೆ ಮನಿಯವರಾಗಿರಲಿ. ನನ್ನ ಮಗಳು ಬ್ಯಾಡ. ಹಿಂಗ ಹೇಳಾಕ ನನಗ ನಾಚಿಕಿ. ಹೋಗಬ್ಯಾಡ ಅಂದ್ರ ಅಕಿ ಕೇಳತಾಳ. ಕೇಳತಾಳ ಅಂತನ ನನಗ ಹೇಳಾಕ ಬರವಲ್ದು. ಹೋಗು ಅನ್ನಾಕ ನಾಲಿಗಿ ಹೊಳ್ಳವಲ್ದು. ಹಿಂಗಾಗಿ ನಾನು—”

ವಿಮಾನ ಬಂತು.

ದೊಡ್ಡ ವಿಮಾನ, ದೂರ ದೇಶದ್ದು. ಅದು ಮನೆಯ ಮೇಲೆಯೇ ತನ್ನ ಗಾಲಿಗಳನ್ನು ಚಾಚಿದಂತಿತ್ತು. ಹಲಗೆಯ ಮೇಲಿನ ಸೂಟ್‌ಕೇಸುಗಳು ಒಂದಕ್ಕೊಂದು ತಾಗಿ ಗಡಗಡ ಅಂದವು. ಅಕ್ಷರಾ ಬಾಯಿ ಮುಚ್ಚಿದಳು. ಎಲ್ಲರೂ ಎಂದಿನಂತೆ ಕಾದರು. ರುದ್ರಪ್ಪ ಕಾಕಾ ನೆಲ ನೋಡುತ್ತಿದ್ದರು. ಸೌಮ್ಯಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಪ್ಪ-ಮಗಳು ಮಾತ್ರ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿದ್ದರು. ಇಷ್ಟು ದಿನಗಳಲ್ಲಿ ಇದೇ ಮೊದಲು. ಪಾರ್ವತೆವ್ವ ಒಲೆ ಆರಿಸಿದಳು.

ಸದ್ದು ರನ್‌ವೇ ಕಡೆ ಇಳಿದು ಕರಗಿತು.

“ಹಿಂಗಾಗಿ ನಾನು,” ಅಕ್ಷರಾ ಅದೇ ಶಬ್ದದಿಂದ ಹಿಡಿದಳು, “ಹುಲ್ಲು ಕತ್ತರಿಸಾಕತ್ತೇನಿ.”

ನಿಜಗುಣ ‘ಹೌದೋ ಅಲ್ಲೋ’ ಎಂದು ಕೇಳಬೇಕಿತ್ತು. ಕೇಳಲಿಲ್ಲ.

“ಹೌದು,” ಎಂದ ದಾನಪ್ಪ. ಅಂಗೈಯಿಂದ ಮುಖವನ್ನು ಮೇಲಿಂದ ಕೆಳಗೆ ಒಮ್ಮೆ ಸವರಿಕೊಂಡ. “ಇದು ನನ್ನ ಮಾತು.”

ನಿಜಗುಣ ಕೆಮ್ಮಿದ. “ಇನ್ನ ಅವರವರ ಸ್ವಂತ ವಾದ. ದಾನಪ್ಪಣ್ಣ, ಬೇಕಾದ್ರ ಮಾಡ್ರಿ, ಇಲ್ಲಂದ್ರ ಊಟಕ್ಕ ಏಳೂಣು.”

“ಮಾಡತೇನಿ.” ದಾನಪ್ಪ ಮುಂದೆ ಬಾಗಿದ. “ಅಂವ ಹೋಗಿ ಹೊಳ್ಳಿ ಬರದ ದಿವಸ ನಾವು ಹಿಂದ ಇರಲಿಲ್ಲ. ನಮ್ಮನ್ನ ಬ್ಯಾರೆ ಹಾದಿಗೆ ಹಾಕಿದ್ರು. ಮ್ಯಾಲಿನವರು ಏನು ವಿಚಾರ ಮಾಡಿದ್ರೋ! ಮಾಮಾ ಒಬ್ಬನ ಸಾಕು, ಅಂವ ಹೋದ್ರ ದಿಮ್ಮಿ ಸರಿಯತೈತಿ, ಸೈನ್ಯ ಯಾಕ ಅಂದ್ರೋ ಏನೋ. ಅದಕ್ಕೂ ಮೊದಲ ಎಷ್ಟೋ ಸಲ ನಾವು ಹಿಂದ ಲಾರಿಯಾಗ ಕುಂತಿದ್ವಿ. ಒಂದು ಗುಂಡೂ ಹಾರಿಸಿರಲಿಲ್ಲ. ನಾವು ದಂಡ, ಉಪಯೋಗಿಲ್ಲ ಅಂತ ನಾವ ತಿಳಕೊಂಡಿದ್ವಿ. ಆ ಹುಡುಗರು ಅವನ ಬೀಡಿ ಸೇದುವಾಗ ಒಂದು ಕಣ್ಣು ನಮ್ಮ ಮ್ಯಾಲ ಇಟ್ಟಿದ್ರು ಅನ್ನೂದು ಆಮ್ಯಾಲ ತಿಳೀತು. ಯುರೋಪಿನವರು ಅದು ಬೇಕೋ ಇದು ಬೇಕೋ ಅಂತ ಕುಂತು ಜಗಳಾಡತಾರಂತ. ಆಡಲಿ. ಮುಂದ ಹೋಗೋನ ಕೈಯಾಗ ಬಂದೂಕು ಬ್ಯಾಡ, ಖರೆ. ಆದ್ರ ಹಿಂದ ಯಾರರೆ ನಿಂತಿರಬೇಕು. ಇಷ್ಟ ನನ್ನ ವಾದ.” ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ನಿನ್ನ ಹಿಂದ ಯಾರರೆ ನಿಂತಿರತಾರ?”

ಅಕ್ಷರಾ ಥಟ್ಟನೆ ‘ಹೌದು’ ಎಂದುಬಿಡಲಿ ಎಂದು ಪಾರ್ವತೆವ್ವ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸುಳ್ಳಿನಿಂದ ಈ ಮನೆಗೆ ಒಂದು ರಾತ್ರಿಯ ನಿದ್ದೆಯಾದರೂ ಬರುತ್ತಿತ್ತು.

“ತಂಡದಾಗ ಸೆಕ್ಯುರಿಟಿ ನೋಡಕೊಳ್ಳೂ ಮಂದಿ ಇರತಾರ, ಅಪ್ಪಾ,” ಎಂದಳು ಅಕ್ಷರಾ. “ಸೈರನ್ ಆದ್ರ ಕೆಳಗ ಶೆಲ್ಟರಿಗೆ ಇಳೀತೀವಿ. ಅಪಾಯದ ಕಡೆ ಬಿಡಂಗಿಲ್ಲ. ಅದರ ಆಚೆ ಅವರ ಸೈನ್ಯ ನಿಂತೈತಿ, ಅದು ನಿಂತಿರೂದಕ್ಕನ ನಾವು ಒಳಗ ಕೆಲಸಾ ಮಾಡೂದು. ನೀವು ಹೇಳಿದ್ದು ಖರೆ. ಆದ್ರ ಯಾವಾಗಲೂ ಇರತಾರ, ಏನೂ ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ. ನಿಮಗ ಸುಳ್ಳ ಹೇಳಿ ನಾ ಹೋಗಂಗಿಲ್ಲ.”

“ಅಂವನೂ ಹಿಂಗ ಇದ್ದ,” ಎಂದ ದಾನಪ್ಪ. “ಸುಳ್ಳ ಹೇಳತಿರಲಿಲ್ಲ. ಅದಕ್ಕ ಆ ಹುಡುಗರು ಅವನ ಮಾತು ಕೇಳತಿದ್ರು.”

“ಅಪ್ಪಾ, ಬ್ಯಾಡ ಅಂದ್ರ ಬ್ಯಾಡ ಅನ್ರಿ. ನನಗ ಸಿಟ್ಟು ಬರಂಗಿಲ್ಲ. ಪ್ರಾಮಿಸ್.”

“ಅದ ನೋಡು ತ್ರಾಸು. ಸಿಟ್ಟಿಗೆದ್ದು ಹೋಗೂ ಮಗಳಾಗಿದ್ರ ನನಗ ಸುಲಭ ಆಗತಿತ್ತು.” ಅವನು ಕುರ್ಚಿಗೆ ಒರಗಿದ. “ಯಾವಾಗ ಹೇಳಬೇಕು ಅವರಿಗೆ?”

“ನಾಳೆ ಮುಂಜಾನೆ.”

“ಹ್ಞೂಂ,” ಎಂದ ದಾನಪ್ಪ.

ದೀಪ ಆರಿತು. ಈ ಸಲ ನಿಜಗುಣನೂ ಕೈ ಬೀಸಲಿಲ್ಲ. ಹೊರಗೆ ರಸ್ತೆಯ ಕಡೆ ಇನ್ನೂ ತುಸು ಬೆಳಕಿತ್ತು. ಒಳಗೆ ಎಲ್ಲರೂ ಬರೀ ನೆರಳುಗಳಾಗಿ ಕುಳಿತರು. ಸುಟ್ಟ ರೊಟ್ಟಿಯ ವಾಸನೆ ಮೆಲ್ಲಗೆ ಹೊರಗೆ ಹೋಗುತ್ತಿತ್ತು. ಪಾರ್ವತೆವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ಕಾದಳು.

ಆಮೇಲೆ ಕುರ್ಚಿಯೊಂದು ಕಿರ್ರೆಂದಿತು, ಬೆಳಕು ಬಂತು. ದಾನಪ್ಪ ಎದ್ದು ಗೋಡೆಯ ಕಡೆ ನಡೆದಿದ್ದ. ಏಣಿ ತಂದುಕೊಳ್ಳಲಿಲ್ಲ, ಬಣ್ಣದ ಡಬ್ಬಿಯ ಮೇಲೆ ಕಾಲಿಟ್ಟು ಹತ್ತಿ, ಮೇಲಿನ ಹಲಗೆಯಿಂದ ದೊಡ್ಡ ಸೂಟ್‌ಕೇಸನ್ನು ಎರಡೂ ಕೈಯಿಂದ ಎಳೆದು ಇಳಿಸಿದ. ಅದರ ಹಿಡಿಕೆಯಲ್ಲಿ ಹುಬ್ಬಳ್ಳಿ ವಿಮಾನದ ಹಳೆಯ ಚೀಟಿ ಇನ್ನೂ ತೂಗಾಡುತ್ತಿತ್ತು. ಧೂಳನ್ನು ತೋಳಿನಿಂದಲೇ ಒರೆಸಿದ. ಅದನ್ನು ತಲೆಕೆಳಗು ಮಾಡಿ ಇಟ್ಟು, ಸದಾ ಸಿಕ್ಕಿಕೊಳ್ಳುವ ಆ ಒಂದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಗ್ಯಾರೇಜ್ ಬಾಗಿಲಿಗೆ ಹಾಕುವ ಎಣ್ಣೆಯ ಡಬ್ಬಿಯಿಂದ ಒಂದು ಹನಿ ಬಿಟ್ಟ. ಬೆರಳಿನಿಂದ ತಿರುಗಿಸಿ ನೋಡಿದ. ಕಿರುಗುಟ್ಟಿತು. ಇನ್ನೊಂದು ಹನಿ ಬಿಟ್ಟು ಮತ್ತೆ ತಿರುಗಿಸಿದ.